ಹೋಳಿಗೆ ತಿಂದು ಹೂಂ ಅನ್ನದವನು

ಟಿಲ್ಯಾರ್ಡ್ ಮುದುಕನ ಹೊಲದ ಬಾಯಿಗೆ ಕಬ್ಬಿಣದ ಗೇಟು ಬಂದದ್ದನ್ನು ರಾಕ್ಸ್‌ಲೀಯಲ್ಲಿ ಮೊಟ್ಟಮೊದಲು ಕಂಡವಳು ಚನ್ನಬಸವ್ವ. ಗೇಟಿಗೆ ಅಂಗೈಯಗಲದ ಬೀಗ. ಪಕ್ಕದಲ್ಲೊಂದು ಬೋರ್ಡು: ಖಾಸಗಿ ಜಾಗ, ಇಲ್ಲಿ ದಾರಿಯಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ತಾನು ತುಳಿದ ದಾರಿಯ ಮೇಲೆಯೇ ನಿಂತು, ದಾರಿಯಿಲ್ಲ ಅನ್ನುವುದನ್ನು ಅವಳು ಎರಡು ಸಲ ಓದಿದಳು. ಮೊದಲು ನಗು ಬಂತು. ಆಮೇಲೆ ಹೊಟ್ಟೆಗೆ ಬೆಂಕಿ ಬಿತ್ತು. ಕಂಬದ ಮೇಲಿದ್ದ ಕ್ಯಾಮರಾದ ಕಡೆ ತಿರುಗಿ, ಕೊಡೆ ಎತ್ತಿ, ಅಪ್ಪಟ ಸಿಂದಗಿ ಕನ್ನಡದಲ್ಲಿ ಹೊಸ ಮಾಲೀಕನ ಮೂರು ತಲೆಮಾರನ್ನು ವಿಚಾರಿಸಿಕೊಂಡು ಮನೆಗೆ ಬಂದಳು.

"ಏನ್ರಿ, ದಾರಿಗೆ ಕೀಲಿ ಹಾಕ್ಯಾರ," ಅಂದಳು ಗಂಡನಿಗೆ.

ವೀರಣ್ಣ ಲಂಡನ್ನಿನ ನೆಲದಡಿಯ ಟ್ಯೂಬ್ ರೈಲು ಓಡಿಸಿ ನಿವೃತ್ತನಾದವನು. ಬಾಗಿಲು ತೆರೆಯುವುದು, ಮುಚ್ಚುವುದು ಎರಡೂ ಅವನಿಗೆ ಹೊಸದಲ್ಲ. "ಬ್ಯಾರೆ ದಾರಿ ಹಿಡಿ," ಅಂದ, ಪೇಪರಿನಿಂದ ತಲೆ ಎತ್ತದೆ.

"ಯಾಕ ಹಿಡೀಲಿ? ನಮ್ಮ ಕಾಕಾ ವರ್ಷಕ್ಕ ಒಂದ ಸಾಲು ನಮ್ಮ ಬದು ತಿಂದ. ಹೋಗ್ಲಿ ಬಿಡು ಒಂದ ಸಾಲು ಅಂತ ಅಪ್ಪ ಸುಮ್ಮನಾದ. ಕಡೀಕ ಏನುಳೀತು? ಬದೂನೂ ಇಲ್ಲ, ಮಾತೂ ಇಲ್ಲ. ಬ್ಯಾರೆ ದಾರಿ ಅಂತ, ಬ್ಯಾರೆ ದಾರಿ."

ವೀರಣ್ಣ ಪೇಪರಿನ ಪುಟ ತಿರುವಿದ. ಮನೆಯಲ್ಲಿ ಇಂಥ ಹೊತ್ತಿನಲ್ಲಿ ಎರಡನೇ ಮಾತು ಆಡುವ ತಪ್ಪನ್ನು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು.

ರಾಕ್ಸ್‌ಲೀ ಇರುವುದು ಪಿನ್ನರ್ ದಾಟಿ, ಮನೆಗಳ ಸಾಲು ಇನ್ನೇನು ಮುಗಿಯಿತು ಅನ್ನುವಲ್ಲಿ. ವಿಳಾಸಕ್ಕೆ ಗ್ರೇಟರ್ ಲಂಡನ್. ಕೆಳಗಿನ ಹಳ್ಳ ದಾಟಿದರೆ ಬೇರೆ ಜಿಲ್ಲೆ. ನಡುವೆ ಒಂದು ಹುಲ್ಲಿನ ಬಯಲು, ಬಾತುಕೋಳಿಗಳ ಹೊಂಡ, ಒಂದು ಪಬ್, ಚಕಮಕಿ ಕಲ್ಲಿನ ಹಳೆಯ ಚರ್ಚು. ಚರ್ಚಿಗೆ ಸೇರಿದ ಸೀಮೆಯನ್ನು ಪ್ಯಾರಿಷ್ ಅನ್ನುತ್ತಾರೆ. ಈ ಪ್ಯಾರಿಷ್ಷಿನ ಆಕಾರ ವಿಚಿತ್ರ: ಅಗಲ ಕಡಿಮೆ, ಉದ್ದ ಬಹಳ. ಮೇಲಿನ ಗುಡ್ಡದ ಕಾಡಿನಿಂದ ಕೆಳಗಿನ ಹಳ್ಳದ ತನಕ, ಒಣಗಲು ಹರವಿದ ಸೀರೆಯಂತೆ ಇಳಿದುಹೋಗಿದೆ. ಯಾಕೆ ಹೀಗೆ ಎಂದು ಚನ್ನಬಸವ್ವ ಕೇಳಿದಾಗ ಊರಿನ ಇತಿಹಾಸ ಸಂಘದ ಡೆನಿಸ್ ನಕ್ಷೆ ಬಿಚ್ಚಿ ತಿಳಿಸಿದ್ದ. ಊರಿಗೆ ಸೌದೆಗೆ ಕಾಡು ಬೇಕು, ಉಳಲು ನಡುವಿನ ನೆಲ ಬೇಕು, ದನಕ್ಕೆ ಹಳ್ಳದ ದಂಡೆಯ ಹುಲ್ಲು ಬೇಕು. ಅದಕ್ಕೇ ಹಿಂದಿನವರು ನೆಲವನ್ನು ಉದ್ದಕ್ಕೆ ಸೀಳಿಕೊಂಡರು. ಅವಳಿಗೆ ಇದು ಬಹಳ ಹಿಡಿಸಿತು. ಅಣ್ಣತಮ್ಮಂದಿರು ಪಾಲಾಗುವಾಗ ಎಲ್ಲರಿಗೂ ಒಂದಿಷ್ಟು ಎರಿಯ ಕಪ್ಪು ನೆಲ, ಒಂದಿಷ್ಟು ಮಸಾರಿಯ ಕೆಂಪು ನೆಲ ಬರಲಿ ಎಂದು ಅವಳ ಊರಿನಲ್ಲೂ ಹೊಲವನ್ನು ಉದ್ದಕ್ಕೇ ಸೀಳುತ್ತಿದ್ದರು.

ಉಳಿದ ಚರಿತ್ರೆ ಅಷ್ಟು ಹಿಡಿಸಲಿಲ್ಲ. ಮೊದಲು ಇಲ್ಲಿ ಹಂದಿ ಮೇಯಿಸುವ ಕಾಡಿತ್ತು. ಅದನ್ನು ಕಡಿದು ಊರು ಮಾಡಿದರು. ಕೆಲವು ನೂರು ವರ್ಷ ಸನ್ಯಾಸಿಗಳ ಮಠಕ್ಕೆ ಸೇರಿತ್ತು. ರಾಜ ಮಠ ಮುಚ್ಚಿಸಿ ತನಗೆ ಬೇಕಾದವರಿಗೆ ಕೊಟ್ಟ. ಆಮೇಲೆ ಬೇಲಿ ಹಾಕುವ ಕಾನೂನು ಬಂತು. ಬಡವರ ದನ ಮೇಯುತ್ತಿದ್ದ ಗೋಮಾಳವನ್ನೆಲ್ಲ ನಾಲ್ಕು ದೊಡ್ಡ ಮನೆಯವರು ಕಾಗದದ ಮೇಲೆ ಹಂಚಿಕೊಂಡರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಕೊನೆಗೆ ರೈಲು ಬಂತು, ರೈಲಿನ ಹಿಂದೆ ಗೋಡೆ ಹಂಚಿಕೊಂಡ ಜೋಡಿ ಮನೆಗಳು ಬಂದವು. ಅಂಥ ಒಂದು ಮನೆಯಲ್ಲೇ ಚನ್ನಬಸವ್ವ ಇರುವುದು. ಡೆನಿಸ್ ಇದನ್ನೆಲ್ಲ ಹವಾಮಾನ ಹೇಳಿದಂತೆ ತಣ್ಣಗೆ ಹೇಳುತ್ತಿದ್ದ. ಗೋಮಾಳದ ಭಾಗಕ್ಕೆ ಬಂದಾಗ ಅವಳು, "ಊರ ಮಂದಿ ಸುಮ್ಮನ ಕುಂತಿದ್ರೇನು?" ಎಂದು ಜಗಳಕ್ಕೇ ನಿಂತಳು, ಇನ್ನೂರು ವರ್ಷ ತಡವಾಗಿ.

ಇಷ್ಟೆಲ್ಲ ಹೋದರೂ ಉಳಿದಿದ್ದದ್ದು ಆ ಕಾಲುದಾರಿ. ಮೇಲೆ ಚರ್ಚಿನ ಸ್ಮಶಾನದ ಗೋಡೆಯಿಂದ ಹೊರಟು, ಟಿಲ್ಯಾರ್ಡ್‌ನ ಹೊಲದ ಅಂಚಿಗೇ ಇಳಿದು, ಕೆಳಗೆ ಹಳ್ಳದ ಪಕ್ಕದ ಲೋವರ್ ಎಂಡ್ ಎಂಬ ಕೇರಿಗೆ ಮುಟ್ಟುತ್ತದೆ. ಕೆಳಕೇರಿಯವರು ತಮ್ಮ ಹೆಣಗಳನ್ನು ಚರ್ಚಿಗೆ ಹೊತ್ತು ತರುತ್ತಿದ್ದದ್ದು ಇದೇ ದಾರಿಯಲ್ಲಿ. ಹಳ್ಳದ ಬಳಿ ಪ್ಯಾರಿಷ್ಷಿನ ಎಲ್ಲೆಗಲ್ಲಿದೆ. ವರ್ಷಕ್ಕೊಮ್ಮೆ ವಸಂತದಲ್ಲಿ ಪಾದ್ರಿ, ಊರವರು ಸೇರಿ ಸೀಮೆಯ ಸುತ್ತ ನಡೆದು, ಪ್ರತಿ ಎಲ್ಲೆಗಲ್ಲಿಗೂ ಕೋಲಿನಿಂದ ತಟ್ಟಿ ಬರುವ ಪದ್ಧತಿ ಇದೆ. ಚನ್ನಬಸವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಕಲ್ಲಿಗೆ ಹೊಡೆಯುವುದು ಮಾತ್ರ ಅವಳಿಂದಾಗದು. ಎಲ್ಲರೂ ತಟ್ಟಿ ಮುಂದೆ ಹೋದ ಮೇಲೆ ಬೆರಳಿನಿಂದ ಒಂದಿಷ್ಟು ಕುಂಕುಮ ಹಚ್ಚಿ, ಹೊಡೆದದ್ದಕ್ಕೆ ಸಿಟ್ಟಾಗಬೇಡಪ್ಪ ಎಂದು ಕೈಮುಗಿದು ಬರುತ್ತಿದ್ದಳು.

ಕೆಳಕೇರಿಯ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಅವಳದಾಗಿತ್ತು. ಕಾರು ಓಡಿಸಲು ಬಾರದು. ದೊಡ್ಡ ರಸ್ತೆಗೆ ಫುಟ್‌ಪಾತ್ ಇಲ್ಲ; ಲಾರಿಗಳು ಮೈ ಸವರಿಕೊಂಡು ಹೋಗುತ್ತವೆ. ಹಾಗಾಗಿ ಮಳೆಯಿರಲಿ, ಹಿಮವಿರಲಿ, ಈ ದಾರಿಯಲ್ಲೇ ಹೋಗಿ ಈ ದಾರಿಯಲ್ಲೇ ಬಂದಳು. ಕೆಲಸ ಬಿಟ್ಟ ಮೇಲೂ ದಿನಾ ಇಳಿದು, ಎಲ್ಲೆಗಲ್ಲಿನ ಹತ್ತಿರ ಸ್ವಲ್ಪ ಹೊತ್ತು ಕೂತು ಬರುವುದನ್ನು ಬಿಡಲಿಲ್ಲ. ಈ ದೇಶದಲ್ಲಿ ಅವಳ ಕಾಲಿಗೆ ಮಣ್ಣು ಮೆತ್ತುವುದು ಅದೊಂದೇ ಜಾಗದಲ್ಲಿ. ಆ ದಾರಿ ಹೋದರೆ ಅವಳಿಗೆ ಉಳಿಯುವುದು ಹ್ಯಾರೋದಲ್ಲಿರುವ ಮಗಳು ಸೌಜನ್ಯಾಳ ಮನೆಯ ಸೋಫಾ, ತನ್ನ ಮನೆಯ ಸೋಫಾ, ನಡುವೆ ಬಸ್ಸು.

ಆದರೆ ಮಂದಿಯ ಹೊಲದಲ್ಲಿ ಕೇಳದೆ ಕಾಲಿಡಬಾರದು. ಅವಳಪ್ಪ ಕಲಿಸಿದ್ದು ಅದು. ಕೇಳಿ ಕಾಲಿಟ್ಟವ ನೆಂಟ, ಕೇಳದೆ ಇಟ್ಟವ ಕಳ್ಳ ಅನ್ನುತ್ತಿದ್ದ. ಅದಕ್ಕೇ ಈ ಊರಿಗೆ ಬಂದ ಮೊದಲ ವರ್ಷವೇ ಎಳ್ಳಮವಾಸ್ಯೆಯ ದಿನ, ತನ್ನ ಊರಿನಲ್ಲಾಗಿದ್ದರೆ ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವ ದಿನ, ಚನ್ನಬಸವ್ವ ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ಟಿಲ್ಯಾರ್ಡ್‌ನ ಬಾಗಿಲು ಬಡಿದಳು. ಈ ವರ್ಷವೆಲ್ಲ ನಿನ್ನ ಹೊಲದಲ್ಲಿ ನಡೆಯಲೇನಪ್ಪ, ಚೂರು ಅನ್ನ ನೆಲಕ್ಕೆ ಚೆಲ್ಲಲೇನು ಎಂದು ಕೇಳಿದಳು.

ಮುದುಕ ಎತ್ತರದ ಆಳು, ಕೆಂಪು ಮೂಗು, ಹೆಂಡತಿಯಿಲ್ಲ. ಡಬ್ಬಿ ತೆರೆದು ಮೂಸಿದ. ಒಂದು ಹೋಳಿಗೆ ಅಲ್ಲೇ ನಿಂತು ತಿಂದ. ಚೆಲ್ಲುವುದಾದರೆ ಚೆಲ್ಲು, ಹಕ್ಕಿಗಾದರೂ ಆಗುತ್ತದೆ ಅಂದ. ನಡೆಯುವ ಮಾತಿಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಒಂದು ಗೊಣಗಿ ಬಾಗಿಲು ಹಾಕಿಕೊಂಡ. ಹೂಂ ಅನ್ನಲಿಲ್ಲ.

ಮರುವರ್ಷವೂ ಅಷ್ಟೇ. ಅದರ ಮರುವರ್ಷವೂ. ಡಬ್ಬಿ ತೊಳೆದು ವಾಪಸು ಕೊಡುತ್ತಿದ್ದ, ಒಳಗೆ ನಾಲ್ಕು ಸೇಬೋ ಕೋಳಿಮೊಟ್ಟೆಯೋ ಇಟ್ಟು. ಮೊಟ್ಟೆ ಅವಳು ತಿನ್ನುವುದಿಲ್ಲ ಎಂದು ಹೇಳಿದರೂ ಇಟ್ಟು. ದಾರಿಯಲ್ಲಿ ಎದುರಾದರೆ ಟೊಪ್ಪಿಗೆ ಮುಟ್ಟುತ್ತಿದ್ದ. ಆದರೆ ನಡಿಯವ್ವ ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಅಪ್ಪಣೆ ಸಿಗದಿದ್ದರೂ ಕೆಲಸಕ್ಕೆ ಹೋಗಲೇಬೇಕಲ್ಲ, ನಡೆದಳು. ಪ್ರತಿ ಹೆಜ್ಜೆಗೂ ಒಳಗೊಳಗೇ ಚುಚ್ಚುತ್ತಿತ್ತು. ಆ ಚುಚ್ಚುವಿಕೆಯೇ ವರ್ಷ ಕಳೆದಂತೆ ಮುದುಕನ ಮೇಲಿನ ಸಿಟ್ಟಾಯಿತು. "ನನ್ನ ಹೋಳಿಗಿ ಬೇಕು, ನನಗ ಹೂಂ ಅನ್ನಾಕ ನಾಲಿಗಿ ಸವೀತೈತಿ ಆ ಮುದುಕಗ," ಎಂದು ಗಂಡನ ಎದುರು ಎಷ್ಟೋ ಸಲ ಕಾರಿದ್ದಳು. ಅವನು ಸತ್ತಾಗ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಅತ್ತಳು. ಅತ್ತದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಮುದುಕನ ತಂಗಿಯ ಮಗ ಹೊಲ ಮನೆ ಎರಡನ್ನೂ ಪೆಂಡ್ರಿ ಎಂಬವನಿಗೆ ಮಾರಿದ. ಪೆಂಡ್ರಿಗೆ ಪೇಟೆಯಲ್ಲಿ ಏನೋ ದೊಡ್ಡ ವ್ಯವಹಾರ. ಹಳ್ಳಿಯ ಶಾಂತಿ ಬೇಕೆಂದು ಬಂದವನು. ಬಂದವನೇ ಹಳ್ಳಿಯನ್ನು ಹೊರಗಿಟ್ಟು ಬೀಗ ಹಾಕಿದ.

ದಾರಿ ಎಲ್ಲರಿಗೂ ಗೊತ್ತಿದ್ದದ್ದೇ ಮುಳುವಾಯಿತು. ಹಿಂದೆ ಕಾಲುದಾರಿಗಳ ಸರ್ಕಾರಿ ನಕ್ಷೆ ಮಾಡಿದಾಗ ಇದನ್ನು ಯಾರೂ ಬರೆಸಿರಲಿಲ್ಲ. ಈಗ ನಕ್ಷೆಗೆ ಸೇರಿಸಬೇಕಾದರೆ ಜನ ಇಪ್ಪತ್ತು ವರ್ಷ ಅದನ್ನು ಬಿಡದೆ ಬಳಸಿದ್ದಾರೆಂದು ತೋರಿಸಬೇಕು. ಡೆನಿಸ್ ಓಡಾಡಿ ಅರ್ಜಿ ಹಾಕಿದ. ಅಷ್ಟು ವರ್ಷ ನಡೆದವರು ಯಾರಿದ್ದಾರೆ ಎಂದು ಹುಡುಕಿದರೆ ಊರಿನವರೆಲ್ಲ ಕಾರಿನಲ್ಲಿ ತಿರುಗಿದವರು. ನಾಯಿ ಅಡ್ಡಾಡಿಸುವ ಇಬ್ಬರು ಸಿಕ್ಕರು, ಅವರೂ ಬಿಸಿಲಿದ್ದಾಗ ಮಾತ್ರ ಬಂದವರು. ಇಡೀ ಪ್ಯಾರಿಷ್ಷಿನ ದಾರಿ ಸಿಂದಗಿಯ ಹೆಂಗಸಿನ ಎರಡು ಕಾಲಿನ ಮೇಲೆ ನಿಂತಿತು.

ಒಂದು ಸಂಜೆ ಡೆನಿಸ್ ಅವಳ ಮನೆಗೆ ಬಂದು ಚಹಾ ಕುಡಿಯುತ್ತ ವಿಷಯ ಬಿಡಿಸಿ ಹೇಳಿದ. ಬಲವಂತವಿಲ್ಲದೆ, ಕದ್ದುಮುಚ್ಚದೆ, ಮಾಲೀಕನ ಅಪ್ಪಣೆಯಿಲ್ಲದೆ ನಡೆದಿರಬೇಕು. ಹಾಗಿದ್ದರೆ ಮಾತ್ರ ಅದು ಹಕ್ಕು.

"ಅಪ್ಪಣಿ ಇಲ್ಲದ?" ಅಂದಳು ಚನ್ನಬಸವ್ವ.

"ಹೌದು. ಅಪ್ಪಣೆ ಪಡೆದು ನಡೆದರೆ ಅದು ಮಾಲೀಕನ ಔದಾರ್ಯ. ನಾಳೆ ಅವನು ಬೇಡ ಅಂದರೆ ಮುಗಿಯಿತು."

"ನಾ ಪ್ರತಿ ವರ್ಷ ಕೇಳೀನಲ್ಲಾ."

ಡೆನಿಸ್‌ನ ಕಪ್ಪು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಹೋಳಿಗೆಯ ಕಥೆಯನ್ನು ಅವಳು ಹೇಳಿದಳು, ಅಪ್ಪಣೆ ಕೇಳಿದ್ದರ ತನಕ ಮಾತ್ರ ಹೇಳಿದಳು. ಮುದುಕ ಹೂಂ ಅನ್ನಲಿಲ್ಲ ಅನ್ನುವುದನ್ನು ಹೇಳಲಿಲ್ಲ. ಅಪ್ಪಣೆ ಕೇಳಿ, ಸಿಗದಿದ್ದರೂ ತುಳಿದವಳು ಎಂದು ಪರರ ಎದುರು ಹೇಗೆ ಒಪ್ಪಿಕೊಳ್ಳುವುದು? ಅದು ಬರಿಯ ಕಳ್ಳತನವಲ್ಲ, ನಾಚಿಕೆಗೆಟ್ಟ ಕಳ್ಳತನ. ಡೆನಿಸ್ ಕೇಳಲೂ ಇಲ್ಲ. ಕೇಳಿದ್ದಾಳೆ ಅಂದರೆ ಕೊಟ್ಟಿದ್ದಾನೆ ಎಂದೇ ತಿಳಿದ.

"ಚನ್ನಾ," ಅಂದ ಬಹಳ ಮೆತ್ತಗೆ, "ವಿಚಾರಣೆಯಲ್ಲಿ ಈ ವಿಷಯ ನೀನಾಗಿ ಎತ್ತದಿದ್ದರೆ ಒಳ್ಳೆಯದು."

ಅವನು ಹೋದ ಮೇಲೆ ಮನೆ ಅದುರಿತು. "ನೋಡ್ರಿ ಇವರ ನ್ಯಾಯ," ಅಂದಳು ಗಂಡನಿಗೆ. "ಕೇಳದ ನುಗ್ಗಿದಾಂವಗ ಹಕ್ಕು. ಕೈ ಮುಗದು ಕೇಳಿದಾಕಿಗೆ ಗೇಟು. ಹಂಗಾದ್ರ ನಮ್ಮಪ್ಪ ನನಗ ಸುಳ್ಳ ಕಲಿಸಿದ್ನೇನು? ಊರಿಗೆ ಒಂದ ದಾರಿ ಆದ್ರ ಎಡವಟ್ಟಗ ಒಂದ ದಾರಿ ಅಂತಾರ. ಇಲ್ಲಿ ಕಾನೂನ ಎಡವಟ್ಟ ಐತಲ್ರಿ."

"ನೀ ಹೋಳಿಗಿ ಒಯ್ದಿದ್ದ ತಪ್ಪಾತು, ಸೌಜನ್ಯಾನವ್ವಾ," ಅಂದ ವೀರಣ್ಣ. "ಬರೇ ಮಾಡಿ ನನಗ ಕೊಟ್ಟಿದ್ರ ಇವತ್ತ ದಾರಿ ಉಳೀತಿತ್ತು."

ಆ ರಾತ್ರಿ ಅವನಿಗೆ ಮೊಸರನ್ನ ಸಿಕ್ಕಿತು. ಉಪ್ಪಿನಕಾಯಿ ಸಿಗಲಿಲ್ಲ.

ವಿಚಾರಣೆ ಊರಿನ ಹಾಲ್‌ನಲ್ಲಿಯೇ ನಡೆಯಿತು. ತೀರ್ಮಾನ ಮಾಡಲು ಸರ್ಕಾರ ಕಳಿಸಿದ ಇನ್‌ಸ್ಪೆಕ್ಟರ್ ಒಬ್ಬ ನರೆಗೂದಲಿನ ಹೆಂಗಸು. ಮೇಜಿನ ಮೇಲೆ ಕೈ ಜೋಡಿಸಿ ಕೂತಿದ್ದಳು. ಪೆಂಡ್ರಿ ತನ್ನ ವಕೀಲನ ಪಕ್ಕದಲ್ಲಿ ಫೋನು ತೀಡುತ್ತಿದ್ದ. ಮಗಳು ಸೌಜನ್ಯಾ ತಾನು ಕೆಲಸ ಮಾಡುವ ಹ್ಯಾರೋದ ಶಾಲೆಗೆ ರಜೆ ಹಾಕಿ ಬಂದಿದ್ದಳು. "ಅವ್ವಾ, ಪ್ಲೀಸ್, ಡೋಂಟ್ ಗೆಟ್ ಆ್ಯಂಗ್ರಿ. ಜಸ್ಟ್ ಆನ್ಸರ್ ದ ಕ್ವೆಶ್ಚನ್," ಎಂದು ತಾಯಿಯ ಸೆರಗು ಸರಿಮಾಡಿ ಕಳಿಸಿದಳು.

ಚನ್ನಬಸವ್ವ ಇಂಗ್ಲಿಷಿನಲ್ಲೇ ಹೇಳಿಕೆ ಕೊಟ್ಟಳು. ಭಾಷೆ ಅವರದು, ಧಾಟಿ ಮಾತ್ರ ಸಿಂದಗಿಯದು. ಯಾವ ವರ್ಷದಿಂದ ನಡೆದೆ, ಯಾಕೆ ನಡೆದೆ, ಯಾರಾದರೂ ತಡೆದರೇ ಎಂದು ಡೆನಿಸ್ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಹೇಳಿದಳು. ಹೋಳಿಗೆಯ ವಿಷಯವನ್ನು ಅವನು ಎತ್ತಲಿಲ್ಲ. ಆಮೇಲೆ ಪೆಂಡ್ರಿಯ ವಕೀಲ ಎದ್ದ. ಎಳೆಯ ಮುಖ, ನುಣ್ಣನೆಯ ಮಾತು.

"ಮೇಡಂ, ನೀವು ಪ್ರತಿ ವರ್ಷ ಚಳಿಗಾಲದಲ್ಲಿ ಮಿಸ್ಟರ್ ಟಿಲ್ಯಾರ್ಡ್ ಅವರಿಗೆ ಸಿಹಿ ಒಯ್ದು ಕೊಡುತ್ತಿದ್ದಿರಂತೆ. ಅವರ ಸೋದರಳಿಯ ಹೇಳಿದ್ದಾರೆ. ನಿಜವೇ?"

ಡೆನಿಸ್ ನೆಲ ನೋಡಿದ.

"ಖರೇನ," ಅಂದಳು.

"ಹೊಲದಲ್ಲಿ ನಡೆಯಲು ಅಪ್ಪಣೆ ಕೇಳಲು?"

ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎಂದು ಹೇಳಿಕೊಂಡೇ ಬೆಳೆದವಳು. ದಾರಿ ಹೋದರೆ ಹೋಗಲಿ, ಬಾಯಿ ಕೆಡಬಾರದು ಅನ್ನಿಸಿತು. "ಹೌದ್ರಿ. ಕೇಳಾಕ," ಅಂದಳು.

"ಧನ್ಯವಾದ." ವಕೀಲ ಇನ್‌ಸ್ಪೆಕ್ಟರ್ ಕಡೆ ತಿರುಗಿ ಮುಗುಳ್ನಕ್ಕ. "ಅಂದರೆ ಮಿಸ್ಟರ್ ಟಿಲ್ಯಾರ್ಡ್ ದೊಡ್ಡ ಮನಸ್ಸು ಮಾಡಿ ವರ್ಷ ವರ್ಷ ಇವರಿಗೆ ಅಪ್ಪಣೆ ಕೊಟ್ಟರು. ಅಷ್ಟು ಸಾಕು."

ಅವನು ಕೂತುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೂತೂ ಬಿಟ್ಟ. ಆದರೆ ಚನ್ನಬಸವ್ವ ಕೂರಲಿಲ್ಲ. ದೊಡ್ಡ ಮನಸ್ಸು ಎಂಬ ಮಾತು ಅವಳ ಕಿವಿಗೆ ಕಾದ ಎಣ್ಣೆಯಂತೆ ಬಿದ್ದಿತ್ತು. ಇಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಗೇ ಮೇಲೆ ಬಂತು. ನಾಚಿಕೆ, ಮಗಳ ಬುದ್ಧಿವಾದ, ಡೆನಿಸ್‌ನ ಎಚ್ಚರಿಕೆ ಯಾವುದೂ ನೆನಪಿಗೆ ಬರಲಿಲ್ಲ.

"ಯಾರ ಕೊಟ್ಟಾರ?" ಅಂದಳು. "ಆ ಮುದುಕ? ಒಂದ ಸಲ ಕೊಟ್ಟಿಲ್ಲ. ವರ್ಷಾ ವರ್ಷಾ ನನ್ನ ಹೋಳಿಗಿ ತಿಂದ, ಡಬ್ಬಿ ತೊಳದು ಕೊಟ್ಟ, ಹೂಂ ಅಂತ ಒಂದ ಮಾತ ಆಡಲಿಲ್ಲ. ನಾ ಬಾಗಲಾಗ ಚಳ್ಯಾಗ ನಿಂತು ಕೇಳ್ತಿದ್ದೆ. ಅದ ಒಂದ ಮಾತು ಅಂದು ಬಾಗಲಾ ಹಾಕ್ಕೋತಿದ್ದ. ದೊಡ್ಡ ಮನಸ್ಸಂತ. ಎಲ್ಲಿತ್ತು ಆ ಮನಸ್ಸು?"

ಸೌಜನ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಇನ್‌ಸ್ಪೆಕ್ಟರ್ ಮಾತ್ರ ಜೋಡಿಸಿದ್ದ ಕೈ ಬಿಡಿಸಿ ಪೆನ್ನು ಎತ್ತಿಕೊಂಡಳು.

"ಆ ಒಂದು ಮಾತು ಯಾವುದು? ನೆನಪಿದ್ದರೆ, ಅವರು ಅಂದಂತೆಯೇ ಹೇಳಿ."

"ನೆನಪಿರದ ಏನು? ಪ್ರತಿ ವರ್ಷ ಅದನ್ನ ಅಂತಿದ್ದ." ಚನ್ನಬಸವ್ವ ಮುದುಕನ ಗೊಗ್ಗರು ದನಿಯನ್ನೇ ತೆಗೆದಳು. "'ನನ್ನನ್ನೇಕೆ ಕೇಳುತ್ತಿ? ಕೊಡಲು ಅದು ನನ್ನದಲ್ಲ. ಊರಿನ ದಾರಿ ಅದು. ನನ್ನಜ್ಜನ ಹೆಣವೂ ಅದರಲ್ಲೇ ಹೋಯಿತು.' ಇಷ್ಟ ಅಂದು, ಹೋಳಿಗಿ ತಗೊಂಡು ಒಳಗ ಹೋಗ್ತಿದ್ದ. ಕೇಳಾಕ ಬಂದಾಕಿಗೆ ಹೇಳೂ ಮಾತೇನ್ರಿ ಅದು? ನಡಿಯವ್ವಾ ಅಂದಿದ್ರ ಗಂಟ ಹೋಗ್ತಿತ್ತೇನು?"

ಪೆಂಡ್ರಿ ಫೋನು ಕೆಳಗಿಟ್ಟ. ವಕೀಲನ ಮುಗುಳ್ನಗೆ ಎಲ್ಲಿ ಹೋಯಿತೋ, ಕಾಗದಗಳನ್ನು ಸುಮ್ಮನೆ ಜೋಡಿಸತೊಡಗಿದ. ಡೆನಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ತಾನು ಏನು ಹಾಳು ಮಾಡಿದೆನೋ ಎಂದು ಚನ್ನಬಸವ್ವ ಎಲ್ಲರ ಮುಖ ನೋಡಿದಳು.

"ಯಾಕ? ಏನಾತು?" ಎಂದು ಮಗಳನ್ನು ಕೇಳಿದಳು.

"ಅವ್ವಾ," ಅಂದಳು ಸೌಜನ್ಯಾ, "ಹೀ ವಾಸ್ ಟೆಲ್ಲಿಂಗ್ ಯೂ. ಅದು ಅವನ ಹೊಲ ಇರಬಹುದು, ದಾರಿ ಅವನದಲ್ಲ ಅಂತ. ಮಾಲೀಕನೇ ಹೇಳಿದ್ದು. ಪ್ರತಿ ವರ್ಷ."

ಚನ್ನಬಸವ್ವ ಆಗ ಕೂತಳು.

ತೀರ್ಮಾನ ಬರಲು ತಿಂಗಳುಗಳೇ ಹಿಡಿದವು. ದಾರಿ ಊರಿನದೇ ಎಂದು ಬಂತು, ನಕ್ಷೆಗೂ ಏರಿತು. ಪೆಂಡ್ರಿ ಬೀಗ ತೆಗೆದ, ಬೋರ್ಡು ತೆಗೆದ. ಗೇಟು ಮಾತ್ರ ಹಟಕ್ಕೆ ಬಿದ್ದವನಂತೆ ಉಳಿಸಿಕೊಂಡ. ಡೆನಿಸ್ ಅವಳಿಗೆ ಹೂಗುಚ್ಛ ತಂದ. "ಮುಚ್ಚಿಡು ಅಂದಿದ್ದಿ, ನೆನಪೈತೇನು?" ಎಂದು ಕೇಳಿಯೇ ತೆಗೆದುಕೊಂಡಳು. ಅವನು ಕೆಂಪಾದ.

ಎಳ್ಳಮವಾಸ್ಯೆ ಬಂತು. ಚನ್ನಬಸವ್ವ ಎಂದಿನಂತೆ ಶೇಂಗಾ ಹೋಳಿಗೆ ಮಾಡಿ ಅದೇ ಡಬ್ಬಿಗೆ ತುಂಬಿದಳು. "ಈಗ ಯಾರನ್ನ ಕೇಳಾಕ ಹೊಂಟಿ?" ಅಂದ ವೀರಣ್ಣ. ಅವಳು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಳು.

ದಾರಿ ಹೊರಡುವಲ್ಲಿಯೇ, ಸ್ಮಶಾನದ ಗೋಡೆಯ ಒಳಮಗ್ಗುಲಿಗೆ ಟಿಲ್ಯಾರ್ಡ್‌ನ ಗೋರಿಕಲ್ಲಿದೆ. ಅವಳು ಅದರ ಮುಂದೆ ನಿಂತು ಮೊದಲು ಚೆನ್ನಾಗಿ ಬೈದಳು. ಬಿಡಿಸಿ ಒಂದು ಮಾತು ಹೇಳಲು ಏನಾಗಿತ್ತು ನಿನಗೆ, ಇಷ್ಟು ವರ್ಷ ಕಳ್ಳಿಯ ಹಾಗೆ ನಡೆದೆನಲ್ಲ, ಇಷ್ಟು ವರ್ಷ ನಿನ್ನನ್ನು ಬೈದೆನಲ್ಲ, ಆ ಪಾಪ ಯಾರ ತಲೆಗೆ ಎಂದು ಕೇಳಿದಳು. ಬೈಯುತ್ತ ಬೈಯುತ್ತ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಡಬ್ಬಿ ತೆರೆದು, ಒಂದು ಹೋಳಿಗೆಯನ್ನು ಕಲ್ಲಿನ ಮೇಲಿಟ್ಟಳು.

"ಈ ಸರ್ತಿ ಕೇಳಾಕ ಬಂದಿಲ್ಲ," ಅಂದಳು. "ಹೋಗ್ತೀನಿ ಅಂತ ಹೇಳಾಕ ಬಂದೀನಿ."

ಮುಚ್ಚಳ ಹಾಕಿಕೊಂಡು, ಗೇಟು ನೂಕಿ, ಹೊಲಕ್ಕೆ ಇಳಿದಳು.